ಮಾವಿನ ತೋಪಿಗೆ ಒಪ್ಪುವ ಹೆಸರು

ಕದಿರೇಶ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಹೆಣ್ಣುಮಕ್ಕಳನ್ನು ಹುಟ್ಟಿಯೇ ಇಲ್ಲ ಎನ್ನಿಸಿಬಿಟ್ಟಿದ್ದ.

ಅವನು ಕೋಲಾರ ಸೀಮೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. (ಯಾವ ತಾಲ್ಲೂಕು ಎಂದು ಹೇಳಿದರೆ ಅವನ ಕೆಲಸಕ್ಕೆ ಸಂಚಕಾರ. ಮಾಲೂರಿನವರೂ ಮುಳಬಾಗಿಲಿನವರೂ ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡಿರಲಿ.) ಹಳ್ಳಿಗಳ ಶಾನುಭೋಗರು ತಿಂಗಳಿಗೊಮ್ಮೆ ಕಳಿಸುವ ಜನನದ ಪಟ್ಟಿಗಳನ್ನು ದೊಡ್ಡ ರಿಜಿಸ್ಟರಿಗೆ ದುಂಡಗೆ ಇಳಿಸುವುದು ಅವನ ಉದ್ಯೋಗ. ಮೊದಲ ವಾರವೇ ಒಂದು ಹಾಳೆಯಲ್ಲಿ ‘ಮುನಿಯಮ್ಮ, ತಂದೆ ಮುನಿಯಪ್ಪ’ ಎಂದು ಐದು ಸಲ ಬಂದಿತ್ತು. ಪಾಪ, ಶಾನುಭೋಗರಿಗೆ ವಯಸ್ಸಾಗಿದೆ, ಬರೆದದ್ದನ್ನೇ ಬರೆಯುತ್ತಿದ್ದಾರೆ ಎಂದು ಕದಿರೇಶ ಮರುಗಿದ. ಒಂದನ್ನು ಉಳಿಸಿಕೊಂಡು ಮಿಕ್ಕ ನಾಲ್ಕರ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದ. ತನ್ನ ಜಾಣತನ ಮೇಲಿನವರ ಕಣ್ಣಿಗೆ ಬೀಳಲಿ ಎಂದು ಪಕ್ಕದಲ್ಲಿ ಸಹಿಯನ್ನೂ ಹಾಕಿದ. ಬಿತ್ತು. (ಸ್ವಂತ ತಾಯಿಯ ಹೆಸರೇ ದೊಡ್ಡಮುನಿಯಮ್ಮ. ಅದರಲ್ಲಿ ‘ದೊಡ್ಡ’ ಎಂಬುದು ಏಕೆ ಬಂದು ಸೇರಿತೆಂದು ಯೋಚಿಸಿದ್ದರೂ ಸಾಕಿತ್ತು. ಯೋಚಿಸಿರಲಿಲ್ಲ.)

ಶಿರಸ್ತೇದಾರ್ ರಾಮಚಂದ್ರಪ್ಪನವರು ರಿಜಿಸ್ಟರನ್ನು ತಿರುಗಿಸಿ ಅವನ ಮುಂದಿಟ್ಟರು.

“ಇವರೆಲ್ಲ ಯಾರಯ್ಯಾ?”

“ತಪ್ಪಿ ಎರಡೆರಡು ಸಲ ಬಂದಿರೋರು ಸಾರ್.”

“ಐದು ಜನ ಮುನಿಯಪ್ಪಂದಿರು, ಐದು ಜನ ಮುನಿಯಮ್ಮಂದಿರು. ಐದು ಮನೆ, ಐದು ತೊಟ್ಟಿಲು. ನಿನ್ನ ಕೆಂಪು ಗೀಟಿಗೆ ಹೆದರಿ ಆ ಮಕ್ಕಳು ವಾಪಸ್ ಹೋಗ್ತವಾ? ಇದನ್ನೆಲ್ಲ ಓದು ಅಂತ ನಿನಗೆ ಹೇಳಿದ್ದು ಯಾರು?”

“ಓದದೆ ಹೇಗೆ ಸಾರ್ ಬರೆಯೋದು?”

“ಇಪ್ಪತ್ತು ವರ್ಷ ನಾನು ಬರೀಲಿಲ್ವಾ? ಕಣ್ಣು ಆ ಕಡೆ, ಕೈ ಈ ಕಡೆ, ತಲೆ ಮನೇಲಿ. ಇನ್ನೊಬ್ಬ ಮುನಿಯಮ್ಮನ ಮೇಲೆ ಗೀಟು ಬಿದ್ದರೆ ನಿನ್ನ ಹೆಸರಿನ ಮೇಲೆ ನಾನು ಗೀಟು ಎಳೀತೀನಿ, ತಿಳ್ಕೋ.”

ಅಂದಿನಿಂದ ಕದಿರೇಶ ಆದರ್ಶ ಗುಮಾಸ್ತನಾದ. ಓದುವುದನ್ನು ಸಂಪೂರ್ಣ ಬಿಟ್ಟ. ಅವನ ಲೇಖನಿಯಿಂದ ಮುನಿಯಮ್ಮಂದಿರು, ಚಿಕ್ಕಮುನಿಯಮ್ಮಂದಿರು, ಮುನಿವೆಂಕಟಮ್ಮಂದಿರು, ಮುನಿಶಾಮಮ್ಮಂದಿರು ಸಾಲುಸಾಲಾಗಿ, ಮುತ್ತಿನಂಥ ಅಕ್ಷರದಲ್ಲಿ ಇಳಿಯುತ್ತ ಹೋದರು. ತಲೆ ಮಾತ್ರ ಬೇರೆ ಕಡೆ ಇರುತ್ತಿತ್ತು. ಮೂರು ವರ್ಷದಲ್ಲಿ ಆ ತಲೆ ಒಂದು ಭೀಷ್ಮಪ್ರತಿಜ್ಞೆಯನ್ನು ಮಾಡಿತ್ತು: ತನಗೊಬ್ಬಳು ಮಗಳು ಹುಟ್ಟಿದರೆ ಆ ರಿಜಿಸ್ಟರಿನಲ್ಲಿ ಹಿಂದೆಂದೂ ಬರೆಯದ ಹೆಸರನ್ನು ಅವಳಿಗೆ ಇಡಬೇಕು. ಪ್ರಕೃತಿಯಿಂದ ಎತ್ತಿಕೊಂಡ ಹೆಸರು. ಕೇಳಿದವರು “ಏನಪ್ಪಾ ಇದರ ಅರ್ಥ?” ಎನ್ನಬೇಕು, ಕದಿರೇಶ ಕನ್ನಡಕ ಸರಿಮಾಡಿಕೊಂಡು ಅರ್ಥ ಹೇಳಬೇಕು. (ಅವನಿಗೆ ಕನ್ನಡಕ ಇರಲಿಲ್ಲ. ಅದನ್ನೂ ಆ ಹೊತ್ತಿಗೆ ಮಾಡಿಸಿಕೊಳ್ಳುವ ಯೋಚನೆಯಿತ್ತು.)

ಯುದ್ಧ ನಡೆಯುತ್ತಿದ್ದ ಕಾಲ. ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಆ ವರ್ಷದ ಕಾರ್ತಿಕದಲ್ಲಿ ಅವನ ಹೆಂಡತಿ ಗಂಗರತ್ನಮ್ಮ ತವರಿನಲ್ಲಿ ಹೆಣ್ಣುಮಗುವನ್ನು ಹೆತ್ತಳು. ತವರೆಂದರೆ ಶ್ರೀನಿವಾಸಪುರದ ರಸ್ತೆಯಲ್ಲಿ, ಹೆಸರು ಹೇಳದ ನಮ್ಮ ತಾಲ್ಲೂಕಿನ ಗಡಿಕಲ್ಲಿಗೆ ಸ್ವಲ್ಪ ಈಚೆಗಿನ ಹಳ್ಳಿ. ಮಾವ ಚನ್ನರಾಯಪ್ಪನವರದು ಆರು ಎಕರೆ ಮಾವಿನ ತೋಪು. ಮಾವನವರಿಗೆ ವರ್ಷದಲ್ಲಿ ಎರಡೇ ಕಾಲ: ಹೂ ನಿಲ್ಲುವ ಕಾಲ, ಹೂ ಯಾಕೆ ನಿಲ್ಲಲಿಲ್ಲ ಎಂದು ಮಾತಾಡುವ ಕಾಲ.

ಹೆಸರಿನ ವಿಷಯದಲ್ಲಿ ಕದಿರೇಶನ ತಾಯಿ ದೊಡ್ಡಮುನಿಯಮ್ಮನಿಗೆ ಯಾವ ಗೊಂದಲವೂ ಇರಲಿಲ್ಲ.

“ಮೊದಲ್ನೇ ಹೆಣ್ಣಿಗೆ ಅಜ್ಜಿ ಹೆಸರು ಕಣೋ. ಇದರಲ್ಲಿ ಮಾತಾಡೋದು ಏನದೆ?” ಎಂದಳು ಎಲೆಗೆ ಸುಣ್ಣ ಹಚ್ಚುತ್ತ.

“ಅಮ್ಮಾ, ಹೋದ ತಿಂಗಳು ಒಂದೇ ತಿಂಗಳಲ್ಲಿ ನಾನು ಮೂವತ್ತೆಂಟು ಮುನಿಯಮ್ಮಂದಿರನ್ನ ಬರ್ದಿದ್ದೀನಿ.”

“ಮೂವತ್ತೊಂಬತ್ತು ಬರೀ. ನಿನ್ನ ಕೈ ಸವೀತದಾ?”

“ಹೆಸರಿಗೆ ಒಂದು ಅರ್ಥ ಇರ್ಬೇಕಮ್ಮಾ. ಇಬ್ಬನಿ, ಬಳ್ಳಿ, ಬೆಳದಿಂಗಳು, ಇಂಥದ್ದು.”

“ನನ್ನ ಹೆಸರಿಗೆ ಅರ್ಥ ಇಲ್ವೇನ್ಲಾ? ಕರೆದ್ರೆ ನಾನು ಬರ್ತೀನಿ. ಇನ್ನೇನು ಅರ್ಥ ಬೇಕು?”

ಕದಿರೇಶ ಎರಡು ದಿನ ಮನೆಯಲ್ಲಿ ಊಟ ಬಿಟ್ಟ. (ಕಚೇರಿಯ ಎದುರಿನ ಹೋಟೆಲಿನಲ್ಲಿ ಬಿಡಲಿಲ್ಲ.) ಮೂರನೆಯ ದಿನ ಮಗುವನ್ನು ನೋಡಿಕೊಂಡು ಬರುತ್ತೇನೆಂದು ಬೀಗರ ಊರಿಗೆ ಹೋದ ದೊಡ್ಡಮುನಿಯಮ್ಮ, ಸಂಜೆ ಬಂದವಳೇ, “ನಿನ್ನಿಷ್ಟ ಕಣಪ್ಪ. ಏನು ಬೇಕೋ ಅದು ಕೂಗ್ಕೊಳ್ಳಿ” ಎಂದುಬಿಟ್ಟಳು. ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ, ಬಾಯಿ ತುಂಬ ಎಲೆಯಡಿಕೆ. ಸತ್ಯಾಗ್ರಹದ ಮಹಿಮೆ ಎಂದು ಕದಿರೇಶ ತಿಳಿದ.

ಹೆಂಡತಿಯ ಬೆಂಬಲವಂತೂ ಮೊದಲಿನಿಂದಲೂ ಇತ್ತು. ಗಂಗರತ್ನಮ್ಮ ಶ್ರೀನಿವಾಸಪುರದಲ್ಲಿ ಮಿಡ್ಲ್ ಸ್ಕೂಲು ಓದಿದವಳು, ಗಂಡನಿಗಿಂತ ಮುದ್ದಾದ ಅಕ್ಷರದವಳು. ಹಾಗೆಂದು ಸಂಪ್ರದಾಯ ಬಿಟ್ಟವಳಲ್ಲ. ಅತ್ತೆಯ ಹೆಸರನ್ನು ಅಪ್ಪಿತಪ್ಪಿಯೂ ಬಾಯಲ್ಲಿ ತರುತ್ತಿರಲಿಲ್ಲ. ಪಕ್ಕದ ಮನೆಯ ಮುನಿಯಮ್ಮ ಅವಳ ಪಾಲಿಗೆ ‘ಅತ್ತೆ ಹೆಸರಿನೋರು’. ಬೀದಿಯ ಕೊನೆಯ ಮುನೇಶ್ವರ ದೇವರು ಕೂಡ ‘ಆ ಬೇವಿನ ಮರದ ಸ್ವಾಮಿ’. ಅಂಥವಳು ಗಂಡನ ಹೊಸ ಹೆಸರಿನ ಯೋಜನೆಗೆ ಹೂಂ ಎಂದಾಗ, ಕದಿರೇಶನಿಗೆ ತಾನು ಕಟ್ಟಿಕೊಂಡಿರುವುದು ಸಾಕ್ಷಾತ್ ರಸಿಕ ಶಿರೋಮಣಿಯನ್ನು ಎಂದು ಖಾತ್ರಿಯಾಯಿತು.

ಶಾಲೆಯ ಪಂಡಿತರಿಂದ ನಿಘಂಟನ್ನು ತಂದುಕೊಂಡು, ಕಚೇರಿಯಲ್ಲಿ ಕೈ ಕಾರ್ತಿಕದ ಜನನದ ಪಟ್ಟಿಯನ್ನು ನಕಲು ಮಾಡುತ್ತಿರುವಾಗ, ತಲೆಯಲ್ಲಿ ಅವನು ಹೆಸರನ್ನು ಹುಡುಕಿದ. ಒಂದು ಮಧ್ಯಾಹ್ನ ಹೊಳೆಯಿತು: ತುಷಾರ. ಮರೆತುಹೋದೀತೆಂದು ರಿಜಿಸ್ಟರಿನ ಅಂಚಿನಲ್ಲೇ ಪೆನ್ಸಿಲಿನಲ್ಲಿ ಸಣ್ಣಗೆ ಗುರುತು ಹಾಕಿಕೊಂಡ. ಸಂಜೆಯೇ ಹೆಂಡತಿಗೆ ಒಂದು ಕಾರ್ಡು ಬರೆದು, ಎಳೆಯ ಎಲೆಯ ತುದಿಯಲ್ಲಿ ನಿಂತ ಹಿಮದ ಮಣಿಯನ್ನೂ ಅದರೊಳಗೆ ಕಾಣುವ ಜಗತ್ತನ್ನೂ ಹದಿನಾಲ್ಕು ಸಾಲಿನಲ್ಲಿ ವರ್ಣಿಸಿದ. ಉತ್ತರ ಬಂತು: “ಕ್ಷೇಮ. ಹೆಸರು ಚೆನ್ನಾಗಿದೆ. ಬೇಗ ಇಟ್ಟುಬಿಡಿ. ಬರುವಾಗ ಎರಡು ಸೇರು ಸೀಗೆಕಾಯಿ ತನ್ನಿ.” ಕದಿರೇಶ ಎರಡನೆಯ ವಾಕ್ಯವನ್ನು ಮಾತ್ರ ಹತ್ತು ಸಲ ಓದಿದ.

ಮೂರನೆಯ ತಿಂಗಳಿಗೆ ತೊಟ್ಟಿಲು ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಮಾವು ಹೂ ಬಿಟ್ಟಿತ್ತು. ಭಾನುವಾರ ಸೀಗೆಕಾಯಿ ಸಮೇತ ಇದ್ದಿಲ ಬಸ್ಸಿನಲ್ಲಿ ಹೋಗಿ (ಏರಿನಲ್ಲಿ ಇಳಿದು ತಳ್ಳಿಯೂ ತಳ್ಳಿ), ಕದಿರೇಶ ಜಗುಲಿಯ ಮೇಲೆ ಮಾವನವರ ಮುಂದೆ ಹೆಸರನ್ನು ಅನಾವರಣಗೊಳಿಸಿದ.

“ಅಂಗಂದ್ರೆ?” ಎಂದರು ಚನ್ನರಾಯಪ್ಪನವರು.

“ಮಂಜು, ಮಾವ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಮೆಲ್ಲಗೆ ಇಳಿದು ಬರುತ್ತಲ್ಲ, ಅದು.”

ಮಾವನವರ ಮುಖದ ಬಣ್ಣ ಬದಲಾಯಿತು. “ಮಂಚಾ?” ಎಂದರು. ಗಾಬರಿಯಾದಾಗ ಅವರಿಗೆ ತೆಲುಗೇ ಬರುತ್ತಿದ್ದದ್ದು, ಮಂಜು ಮಂಚು ಆಗುತ್ತಿತ್ತು. “ಅಳಿಯಂದ್ರೇ, ಮರ ಹೂ ಬಿಟ್ಟು ನಿಂತವೆ. ಮೂರು ದಿನ ಮಂಚು ಕೂತ್ರೆ ಹೂವೆಲ್ಲ ಕರ್‍ರಗಾಗಿ ಉದುರ್ತದೆ. ನಾವು ಅದು ಬರ್ಬೇಡಪ್ಪ ಅಂತ ದೇವರಿಗೆ ಹರಕೆ ಹೊತ್ಕೋತೀವಿ. ನೀವು ತೊಟ್ಟಿಲಲ್ಲಿ ಮಲಗಿಸಿ, ಬಾ ಮಂಚು, ಬಾ ಮಂಚು ಅಂತ ಕರೀತೀರಾ?”

“ಕಾವ್ಯದಲ್ಲಿ ಅದು ಬಹಳ…”

“ಕಾವ್ಯದಲ್ಲಿ ಕಾಯಿ ಬಿಡ್ತದಾ?”

ತುಷಾರ ಅಲ್ಲೇ ಕರಗಿತು. ಒಳಗಿನಿಂದ ಗಂಗರತ್ನಮ್ಮ, “ಹೋಗ್ಲಿ ಬಿಡ್ರಿ, ಇನ್ನೊಂದು ಹುಡ್ಕಿ. ಯಾವುದಾದ್ರೂ ಒಂದು ಆಗ್ಲಿ” ಎಂದಳು. ಎಂಥ ಧೈರ್ಯ ತುಂಬುವ ಹೆಂಗಸು ಎಂದುಕೊಂಡು ಕದಿರೇಶ ಸೀಗೆಕಾಯಿಯ ಚೀಲವನ್ನು ಒಳಗಿಟ್ಟು ವಾಪಸಾದ.

ಮುಂದಿನ ಭಾನುವಾರ ‘ಪಲ್ಲವಿ’ಯನ್ನು ತೆಗೆದುಕೊಂಡು ಬಂದ. ಪಲ್ಲವ ಎಂದರೆ ಚಿಗುರು. ಈ ಸಲ ತಪ್ಪಾಗುವಂತಿರಲಿಲ್ಲ. ಮಾವಿನ ಚಿಗುರು, ಕೆಂಪಗೆ ನವಿರಾಗಿ, ಕೋಗಿಲೆಗೆ ಪ್ರಾಣ. ಮಾವಿನವರ ಮನೆಗೆ ಮಾವಿನದೇ ಹೆಸರು.

ಚನ್ನರಾಯಪ್ಪನವರು ತೋಪಿನ ಕಡೆ ತಿರುಗಿದರು. ಅಳಿಯನನ್ನು ಬಯ್ಯಬಾರದೆಂಬ ಮರ್ಯಾದೆ ಅವರ ಗಂಟಲಲ್ಲಿ ಮೇಲೆ ಕೆಳಗೆ ಓಡಾಡುವುದು ಕಾಣುತ್ತಿತ್ತು.

“ಅಳಿಯಂದ್ರೇ, ಹೂ ಬಿಡೋ ಕಾಲ್ದಲ್ಲಿ ಕೊಂಬೆ ಚಿಗುರಿದ್ರೆ ಆ ಕೊಂಬೇಲಿ ಹೂ ಬರಾಕಿಲ್ಲ. ಅದೋ ಆ ಮೂಲೆ ಮರ ನೋಡಿ. ಹೋದ ವಾರ ಚಿಗುರ್ತು. ಈ ವರ್ಷ ಅದು ದಂಡ. ಹೋದ ವಾರ ನೀವು ಬಂದಿದ್ರಲ್ಲ, ಆ ಮರದ ಕೆಳಗೆ ಏನಾದ್ರೂ ಕೂತಿದ್ರಾ?”

ಮೂರನೆಯ ಭಾನುವಾರ ‘ಮೇಘಮಾಲೆ’. ಮೋಡ ಕವಿದರೆ ಹೂವಿಗೆ ಜಿಗಿಹುಳ ಬೀಳುತ್ತದೆ, ಎಲೆಯೆಲ್ಲ ಅಂಟಾಗುತ್ತದೆ ಎಂದು ಕದಿರೇಶ ಅವತ್ತು ತಿಳಿದುಕೊಂಡ. ನಿಘಂಟಿನಲ್ಲಿ ಚಂದವೆಂದು ಬರೆದಿರುವುದೆಲ್ಲ ಆ ತೋಪಿನಲ್ಲಿ ಒಂದಲ್ಲ ಒಂದು ರೋಗ. ಕವಿಗಳ ಪೈಕಿ ಒಬ್ಬರಾದರೂ ಆರು ಎಕರೆ ಮಾವು ಇಟ್ಟುಕೊಂಡಿದ್ದರೆ ನಾಡಿನ ಕಾವ್ಯ ಬೇರೆಯೇ ಆಗುತ್ತಿತ್ತೆಂದು ಅವನಿಗನ್ನಿಸಿತು. ಪ್ರತಿ ಸಲವೂ ಗಂಗರತ್ನಮ್ಮ ಮಾತ್ರ “ಅದೂ ಚೆನ್ನಾಗೇ ಇತ್ತು” ಎಂದಳು.

ನಾಳೆ ತೊಟ್ಟಿಲು ಎನ್ನುವ ದಿನ ಕದಿರೇಶ ತಾಯಿಯೊಂದಿಗೆ ಬೀಗರ ಮನೆ ಸೇರಿದ. ಕೈಯಲ್ಲಿ ಬೆಳ್ಳಿಯ ಕಾಲ್ಗಡಗ ಇತ್ತು, ಹೆಸರಿರಲಿಲ್ಲ. ಹೆಸರು ಸಿಗದಿದ್ದರೆ ತೊಟ್ಟಿಲ ಸುತ್ತ ನಿಂತ ಹೆಂಗಸರು ಬಾಯಿಗೆ ಬಂದದ್ದನ್ನು ಇಡುತ್ತಾರೆ. ಆ ಸೀಮೆಯಲ್ಲಿ ಹೆಂಗಸರ ಬಾಯಿಗೆ ತಾನಾಗಿಯೇ ಬರುವ ಹೆಸರು ಒಂದೇ. ಮೂವತ್ತೊಂಬತ್ತನೆಯದು.

ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಲೋಕವೇ ಕಾಣಲಿಲ್ಲ. ತೋಪಿನ ಮೇಲೆ ದಟ್ಟವಾಗಿ, ಬೆಳ್ಳಗೆ, ಕಾರ್ಡಿನಲ್ಲಿ ವರ್ಣಿಸಿದ್ದಕ್ಕಿಂತ ಹತ್ತು ಪಾಲು ಸೊಗಸಾಗಿ ತುಷಾರ ಇಳಿದಿತ್ತು.

ಚನ್ನರಾಯಪ್ಪನವರು ಕಂಬಳಿ ಹೊದ್ದು ಅಂಗಳದಲ್ಲಿ ನಿಂತಿದ್ದರು. ಒಣಸೊಪ್ಪಿನ ಒಂದು ದೊಡ್ಡ ಹೊರೆಯನ್ನು ಅಳಿಯನ ಕೈಗೆ ಕೊಟ್ಟರು.

“ಏನು ಮಾವ ಇದು?”

“ನೀವು ಕರೆದ್ರಿ, ಬಂದವ್ಳೆ. ಈಗ ನೀವೇ ಕಳಿಸಿ.”

ಮಂಜು ಕೂತ ದಿನ ತೋಪಿನಲ್ಲಿ ಗಾಳಿಯ ದಿಕ್ಕು ನೋಡಿ ಸೊಪ್ಪುಸದೆಗೆ ಬೆಂಕಿ ಹಾಕಿ, ಹಸಿಸೊಪ್ಪು ಮುಚ್ಚಿ, ಉರಿಯಾಗದಂತೆ ಬರೀ ಹೊಗೆ ಎಬ್ಬಿಸುವುದು ಅಲ್ಲಿಯ ಪದ್ಧತಿ. ನಾಮಕರಣಕ್ಕೆಂದು ಮಾಡಿಸಿದ್ದ ಹೊಸ ಕೋಟಿನಲ್ಲಿ ಕದಿರೇಶ ಆರು ಎಕರೆಯನ್ನೂ ಸುತ್ತಿದ. ಒಂದು ಕಡೆ ಊದಿದರೆ ಉರಿ ಬರುತ್ತಿತ್ತು, ಇನ್ನೊಂದು ಕಡೆ ಊದಿದರೆ ಹೊಗೆಯೆಲ್ಲ ಅವನ ಮೂಗಿಗೇ ಬರುತ್ತಿತ್ತು. ಒಂದು ಗುಡ್ಡೆಯ ಮುಂದೆ ಕೂತು ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಪ್ರಕೃತಿಯ ಮೇಲೆ ಅವನಿಗಿದ್ದ ಪ್ರೇಮವೆಲ್ಲ ಆ ಹೊಗೆಯಲ್ಲಿ ಹೋಗುತ್ತಿರುವಾಗ ಬೆನ್ನಿಗೆ ಬೆಚ್ಚಗಾಯಿತು. ಕೋಟಿಗೆ ಬೆಂಕಿ ಹತ್ತಿತೆಂದು ಹಾರಿ ಎದ್ದ. ಬೆಂಕಿಯಲ್ಲ. ಮಂಜು ಸೀಳಿಕೊಂಡು ಒಂದು ಎಳೆ ಬಿಸಿಲು ಬಂದಿತ್ತು.

“ಬಂತಪ್ಪಾ, ಎಂಡ ಬಂತು, ಬಿಸಿಲು ಬಂತು” ಎಂದರು ಮಾವನವರು, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವರ ಹಲ್ಲು ಕಂಡವು. “ಇದೊಂದು ಬಂದ್ರೆ ಸಾಕು. ಮಂಚೂ ಇಲ್ಲ, ಹುಳವೂ ಇಲ್ಲ.”

ಕದಿರೇಶ ಹಿಂದೆಮುಂದೆ ನೋಡಲಿಲ್ಲ. “ಮಾವ, ಕಿರಣ. ಹೆಸರು ಕಿರಣ. ಅಂದ್ರೆ ಇದೇ, ಈ ಎಳೆ ಬಿಸಿಲು.”

ಮಾವನವರು ಆಕಾಶ ನೋಡಿದರು, ಮರ ನೋಡಿದರು, ಮಸಿಯಾದ ಅಳಿಯನನ್ನು ನೋಡಿದರು.

“ಅಂಗೇ ಇಟ್ಬಿಡಿ” ಎಂದರು. “ಮೂರು ತಿಂಗಳಿಂದ ಇದನ್ನ ಎಲ್ಲಿಟ್ಟಿದ್ರಿ?”

ಹತ್ತು ಗಂಟೆಗೆ ತೊಟ್ಟಿಲ ಶಾಸ್ತ್ರವಾಯಿತು. ಮನೆಗೆ ಹಿರಿಯಳೆಂದು ದೊಡ್ಡಮುನಿಯಮ್ಮನೇ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ “ಕಿರಣ, ಕಿರಣ, ಕಿರಣ” ಎಂದಳು. ಎಲ್ಲಿ ಕೊನೆ ಗಳಿಗೆಯಲ್ಲಿ ತನ್ನ ಹೆಸರನ್ನು ತೂರಿಸುತ್ತಾಳೋ ಎಂದು ಕಿವಿ ನಿಮಿರಿಸಿ ನಿಂತಿದ್ದ ಕದಿರೇಶನಿಗೆ ನಾಚಿಕೆಯಾಯಿತು. ಹೆತ್ತ ತಾಯಿ ತನ್ನ ಹೆಸರನ್ನೇ ತ್ಯಾಗ ಮಾಡಿದಳಲ್ಲ ಎಂದು ಕಣ್ಣು ತುಂಬಿ ಬಂತು. (ಅರ್ಧ ಹೊಗೆಯದು.)

ಅದೇ ವಾರ ಗಂಗರತ್ನಮ್ಮನನ್ನೂ ಮಗುವನ್ನೂ ಮನೆಗೆ ಕರೆತಂದರು. ಸೋಮವಾರ ಕದಿರೇಶ ಹೊಸ ನಿಬ್ಬು ಹಾಕಿಕೊಂಡು ಶಿರಸ್ತೇದಾರರ ಮುಂದೆ ನಿಂತ. ಮಗಳ ಹೆಸರನ್ನು ಜನನದ ರಿಜಿಸ್ಟರಿನಲ್ಲಿ ಸ್ವಂತ ಕೈಯಿಂದ ಬರೆಯಬೇಕೆಂದು ಆಸೆ ಎಂದ. ರಾಮಚಂದ್ರಪ್ಪನವರು, “ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಬರ್ಕೋಳಯ್ಯ. ಆಗ ತಾನೇ ಹುಟ್ಟಿದ ಕೂಸಿಗೆ ಹೆಸರು ಎಲ್ಲಿರುತ್ತೆ” ಎಂದರು.

ಕಾರ್ತಿಕದ ಹಾಳೆ. ಮಾವನ ಊರು. ಹೆಸರಿನ ಜಾಗ ಖಾಲಿ ಇರಲಿಲ್ಲ.

‘ದೊಡ್ಡಮುನಿಯಮ್ಮ. ತಂದೆ: ಕದಿರೇಶ, ಕಚೇರಿ ಗುಮಾಸ್ತ. ತಾಯಿ: ಗಂಗರತ್ನಮ್ಮ.’

ಅಕ್ಷರ ಮುತ್ತಿನಂತಿತ್ತು. ಅವನದೇ. ಓದದೆ ಬರೆದದ್ದು. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ‘ತುಷಾರ’ ಎಂದಿತ್ತು.

ಅವನು ಕೆಂಪು ಮಸಿಯ ದೌತಿಯ ಕಡೆ ನೋಡಿದ. ಶಿರಸ್ತೇದಾರರು ಅವನ ಕಡೆ ನೋಡಿದರು.

“ಮುನಿಯಮ್ಮನ ಮೇಲೆ ಗೀಟು ಎಳೆಯೋ ಯೋಚನೆ ಏನಾದ್ರೂ ಇದೆಯೇನಯ್ಯಾ?”

“ಇಲ್ಲ ಸಾರ್” ಎಂದ ಕದಿರೇಶ.

ಸಂಜೆ ಮನೆಗೆ ಬಂದಾಗ ಗಂಗರತ್ನಮ್ಮ ಹಿತ್ತಲಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. “ಏ ಕಿರಣಾ, ಕತ್ತೆ, ಈಗ ತಾನೇ ಬಟ್ಟೆ ಬದಲಾಯಿಸಿದ್ನಲ್ಲೇ. ಮತ್ತೆ ಒದ್ದೆ ಮಾಡ್ಕೊಂಡ್ಯಾ, ದರಿದ್ರದ್ದೇ” ಎಂದು ಬಾಯ್ತುಂಬ, ಸಂತೋಷವಾಗಿ ಬಯ್ಯುತ್ತಿದ್ದಳು. ದೊಡ್ಡಮುನಿಯಮ್ಮ ಬಾಗಿಲಲ್ಲಿ ಎಲೆ ಹಾಕಿಕೊಂಡು ಕೂತು, ಸಂಗೀತ ಕೇಳುವವಳಂತೆ ತಲೆದೂಗುತ್ತಿದ್ದಳು.

“ಶಾನುಭೋಗರಿಗೆ ಅಮ್ಮನ ಹೆಸರು ಹೇಳಿದ್ದು ಯಾರು?” ಎಂದ ಕದಿರೇಶ ನಿಂತಲ್ಲೇ.

“ಆ ಹೆಸರ್ನ ನಾನು ಹೇಳ್ತೀನೇನ್ರೀ?” ಎಂದಳು ಗಂಗರತ್ನಮ್ಮ ನೊಂದವಳಂತೆ.

ಕದಿರೇಶನಿಗೆ ಒಂದು ಕ್ಷಣ ಸಮಾಧಾನವಾಯಿತು.

“ಚೀಟೀಲಿ ಬರ್ದು ಕೊಟ್ಟೆ.”

“ಮುದ್ದಾಗಿ ಬರ್ದಿದ್ಲು ಕಣೋ” ಎಂದಳು ದೊಡ್ಡಮುನಿಯಮ್ಮ. “ಅವತ್ತು ನಾನು ಮಗೂನ ನೋಡೋಕೆ ಹೋಗಿದ್ನಲ್ಲ, ನಾನೂ ಅವಳೂ ಅವತ್ತೇ ಮಾತಾಡ್ಕೊಂಡ್ವಿ. ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಇರ್ಲಿ, ಮನೇಲಿ ಬೇರೆ ಏನಾದ್ರೂ ಕೂಗ್ಕೊಳ್ಳಿ ಅಂತ. ನನ್ನ ಹೆಸರು ಹಿಡ್ದು ಕತ್ತೆ, ದರಿದ್ರ ಅಂದ್ರೆ ನಾನು ಸುಮ್ನಿರ್ತೀನಾ?”

“ನಂಗೆ ಯಾಕೆ ಹೇಳ್ಲಿಲ್ಲ?”

“ಬರ್ಯೋದು ನೀನೇ ಅಲ್ವೇನ್ಲಾ? ನೋಡ್ಕೊಂಡಿರ್ತೀಯ ಅಂದ್ಕೊಂಡ್ವಿ.”

ಕದಿರೇಶ ಹಿತ್ತಲ ಕಲ್ಲಿನ ಮೇಲೆ ಕೂತ. ಕೋಟಿನಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ಕೇಳಬಾರದೆಂದು ಗೊತ್ತಿತ್ತು. ಆದರೂ ಕೇಳಿದ.

“ರತ್ನಾ, ತುಷಾರ ಚೆನ್ನಾಗಿದೆ ಅಂದೆ. ಪಲ್ಲವಿ ಚೆನ್ನಾಗಿದೆ ಅಂದೆ. ಮೇಘಮಾಲೆನೂ ಚೆನ್ನಾಗಿದೆ ಅಂದೆ. ನಿಂಗೆ ಅವುಗಳ ಅರ್ಥ ಇಷ್ಟವಾಗಿತ್ತು, ಅಲ್ವಾ?”

ಗಂಗರತ್ನಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಅರ್ಥ ಕಟ್ಕೊಂಡು ನಂಗೇನಾಗ್ಬೇಕ್ರೀ? ಬಯ್ಯೋಕೆ ಒಂದು ಹೆಸರು ಬೇಕಿತ್ತು.”